ಟುರಿನ್ನಿನ ಹೋರಿಗೆ ಅಂಟಿಸಿದ ಸ್ಟಾಂಪು

ಬಹಳ ಹಿಂದೆ, ಗಂಡಭೇರುಂಡ ಹಕ್ಕಿಯೇ ಅಂಚೆ ಹಂಚುತ್ತಿದ್ದ ಕಾಲದಲ್ಲಿ, ಮುದ್ರಾವತಿ ಅಂತ ಒಂದು ರಾಜ್ಯ ಇತ್ತು. ಹಕ್ಕಿಯ ಒಂದು ತಲೆ ವಿಳಾಸ ಓದೋದು, ಇನ್ನೊಂದು ತಲೆ ದಾರಿ ನೋಡೋದು. ಎರಡೂ ಜಗಳ ಆಡಿದ ದಿನ ಕಾಗದ ಪಕ್ಕದ ಮನೆಗೆ ಹೋಗೋದು.

ಆ ರಾಜ್ಯದಲ್ಲಿ ದೇಮಕ್ಕ ಅನ್ನೋಳು ಇಟಲಿಯ ಊರೂರಿನ ಚಿತ್ರದ ಕಾರ್ಡು, ಸ್ಟಾಂಪು ಕೂಡಿಡುತ್ತಿದ್ದಳು. ಸ್ಟಾಂಪನ್ನು ಉಗುರಲ್ಲಿ ಕೀಳಬಾರದು, ನೀರಲ್ಲಿ ನೆನೆಹಾಕಿ ತಾನಾಗಿ ಬಿಡೋತನಕ ಕಾಯಬೇಕು ಅನ್ನೋದು ಅವಳ ನೇಮ. ತಮ್ಮ ಕೆಂಚನಿಗೋ ಕಾಯೋದು ಅಂದರೆ ಮೈಯೆಲ್ಲ ತುರಿಕೆ. ಒಂದು ಸಲ ಕಿತ್ತು ಹರಿದ. ಅಕ್ಕ ಮೂರು ದಿನ ಮಾತು ಬಿಟ್ಟಳು. ಟುರಿನ್ ಅನ್ನೋ ಊರಿನ ಕಾರ್ಡನ್ನು ದೋಣಿ ಮಾಡಿ ಕಾಲುವೆಗೆ ಬಿಟ್ಟದ್ದನ್ನಂತೂ ಅವನು ಹೇಳಿಯೇ ಇರಲಿಲ್ಲ.

ಒಂದು ದಿನ ನಾಲಗೆಮಲ್ಲ ಅನ್ನೋ ಮಾಂತ್ರಿಕ ಬಂದ. ಅವನ ಶಕ್ತಿಯೆಲ್ಲ ನಾಲಗೆಯಲ್ಲಿ. ಸ್ಟಾಂಪು ನೆಕ್ಕಿ ಯಾರ ಹೆಸರು ಹೇಳಿದರೂ ಅವರು ಕಾರ್ಡಿನ ಚಿತ್ರ ಆಗಿಬಿಡೋರು.

"ಆಲ್ಬಂ ಕೊಡು," ಅಂದ.

"ಹೋಗಯ್ಯ, ಕೊಡಲ್ಲ," ಅಂದಳು ದೇಮಕ್ಕ.

ಮಾಂತ್ರಿಕ ಸ್ಟಾಂಪು ನೆಕ್ಕಿದ, ಕಾರ್ಡಿಗೆ ಅಂಟಿಸಿದ, ಹೆಸರು ಹೇಳಿದ. ದೇಮಕ್ಕ ಅಂಗೈಯಗಲದ ಚಿತ್ರವಾದಳು. ಆ ಕಾರ್ಡನ್ನು ಜೇಬಿಗೆ ಹಾಕಿಕೊಂಡ.

"ಹೊತ್ತು ಮೂರು ಸಲ ಮುಳುಗೋದರೊಳಗೆ ಆಲ್ಬಂ ನನ್ನ ಕೋಟೆಗೆ ತಾ ಹುಡುಗ. ಇಲ್ಲಾಂದ್ರೆ ನಿನ್ನಕ್ಕ ಕಾರ್ಡಲ್ಲೇ ಖಾಯಂ."

ಕೆಂಚ ಆಲ್ಬಂ ತಗೊಂಡ. ಮೇಷ್ಟ್ರ ಕುರ್ಚಿಗೆ ಬಳಿದು ಉಳಿದಿದ್ದ ಹಲಸಿನ ಅಂಟನ್ನೂ ಒಂದು ಕರಟದಲ್ಲಿ ತಗೊಂಡ. ಎರಡು ಹಗಲು ನಡೆದ. ಮೂರನೆಯ ಹಗಲು ಕೋಟೆ ಮುಟ್ಟಿದ.

ಮೊದಲ ಬಾಗಿಲಲ್ಲಿ ರೆಕ್ಕೆಯ ಸಿಂಹ. "ತಿಂತೀನಿ," ಅಂತು.

"ತಿನ್ನಪ್ಪ. ಅದಕ್ಕೂ ಮುಂಚೆ ಇದು ಯಾವೂರು ನೋಡು." ವೆನಿಸ್ಸಿನ ಕಾರ್ಡು ತೋರಿಸಿದ. ಮಾಂತ್ರಿಕ ಊರು ಬಿಡಿಸಿ ತಂದಿದ್ದ ಸಿಂಹ ಅದು. ನೀರಿನ ಬೀದಿ ಕಂಡು ಅತ್ತು, ಕಾರ್ಡಿನೊಳಗೆ ಹಾರಿತು.

ಎರಡನೆಯ ಬಾಗಿಲಲ್ಲಿ ಹೆಣ್ಣು ತೋಳ. "ತಿಂತೀನಿ," ಅಂತು. ರೋಮಿನ ಕಾರ್ಡು ತೋರಿಸಿದ. "ನಮ್ಮ ಬೆಟ್ಟ ಕಣೋ," ಅಂದು ಅದೂ ಹಾರಿತು.

ಮೂರನೆಯ ಬಾಗಿಲಲ್ಲಿ ಟುರಿನ್ನಿನ ಹೋರಿ.

"ನಮ್ಮೂರ ಕಾರ್ಡೆಲ್ಲಿ?"

ಕೆಂಚ ತಲೆ ಕೆರೆದುಕೊಂಡ. "ದೋಣಿ ಮಾಡಿ ಬಿಟ್ಟೆ ಹೋರಣ್ಣ. ಮುಳುಗಿತು."

ಹೋರಿ ಕೊಂಬು ಬಗ್ಗಿಸಿತು.

"ತಡಿ ತಡಿ. ಕಾರ್ಡಿಲ್ಲ, ಸ್ಟಾಂಪಿದೆ. ಅಕ್ಕ ಮೊದಲೇ ಬಿಡಿಸಿಟ್ಟಿದ್ದಳು. ನಿನ್ನ ಪುಣ್ಯ, ಅಂಚೆಯ ಠಸ್ಸೆ ಬಿದ್ದಿಲ್ಲ." ಹಲಸಿನ ಅಂಟು ಹಚ್ಚಿ ಹೋರಿಯ ಹಣೆಗೇ ಅಂಟಿಸಿದ. ಬೆನ್ನ ಮೇಲೆ ಇದ್ದಲಿನಲ್ಲಿ 'ಟುರಿನ್' ಅಂತ ಬರೆದು ಗಂಡಭೇರುಂಡವನ್ನು ಕೂಗಿದ.

"ಇದೆಂಥ ಕಾಗದವೋ," ಅಂತು ಒಂದು ತಲೆ.

"ಸ್ಟಾಂಪಿದೆಯಲ್ಲ, ಹೊರು," ಅಂತು ಇನ್ನೊಂದು. ಹೋರಿ ಆಕಾಶಕ್ಕೆ ಏರಿತು.

ಒಳಗೆ ನಾಲಗೆಮಲ್ಲ ಕೈ ಚಾಚಿದ. "ತಾ ಆಲ್ಬಂ."

"ತಗೊ ಮಾವ. ನನ್ನನ್ನೂ ಅಕ್ಕನ ಪಕ್ಕಕ್ಕೆ ಕಳಿಸಿಬಿಡು. ಒಬ್ಬನೇ ಮನೇಲಿ ಏನು ಮಾಡಲಿ? ಸ್ಟಾಂಪೂ ನಾನೇ ತಂದಿದೀನಿ."

ಮಾಂತ್ರಿಕ ನಗುತ್ತ ಇಷ್ಟುದ್ದ ನಾಲಗೆ ಚಾಚಿ ನೆಕ್ಕಿದ. ಸ್ಟಾಂಪಿನ ಬೆನ್ನಿಗೆ ಬೆರಳು ದಪ್ಪ ಹಲಸಿನ ಅಂಟಿತ್ತು. "ಕೆಂ..." ಅಂದ. "ಚ" ಬರಲೇ ಇಲ್ಲ. ನಾಲಗೆ ಅಂಗುಳಕ್ಕೆ ಕಚ್ಚಿಕೊಂಡಿತ್ತು. ಮಾತು ನಿಂತದ್ದೇ ಮಂತ್ರ ಅವನಿಗೇ ತಿರುಗಿತು. ಅವನು ಕುಗ್ಗಿ, ಕುಗ್ಗಿ, ಅದೇ ಸ್ಟಾಂಪಿನ ಮೇಲೆ ಬಾಯಿ ಮುಚ್ಚಿಕೊಂಡ ಚಿತ್ರವಾದ.

ಅವನ ಜೇಬಿನಿಂದ ಉದುರಿದ ಅಕ್ಕನ ಕಾರ್ಡನ್ನು ಕೆಂಚ ಬೋಗುಣಿ ನೀರಿಗೆ ಹಾಕಿದ. ಸ್ಟಾಂಪು ಬಿಟ್ಟರೆ ಅಕ್ಕ ಬಂದಾಳು, ಹರಿದರೆ ಅಕ್ಕನೇ ಹರಿದಾಳು. ಹೊತ್ತು ಕೆಂಪಾಗಿ ಗೋಡೆಗಿಳಿಯುತ್ತಿತ್ತು. ಸ್ಟಾಂಪು ಅಲ್ಲಾಡಲಿಲ್ಲ. ಉಗುರು ತಾನಾಗಿ ಮುಂದೆ ಹೋಯಿತು. ಕೆಂಚ ಎರಡೂ ಕೈಯನ್ನು ಕೆಳಗಿಟ್ಟು ಅದರ ಮೇಲೆ ಕೂತ. ಸಿಂಹ, ತೋಳಕ್ಕಿಂತ ಇದೇ ಕಷ್ಟ ಆಯಿತು.

ಹೊತ್ತಿನ ಕೊನೆಯ ಚೂರು ಉಳಿದಾಗ ಸ್ಟಾಂಪು ಮೆಲ್ಲಗೆ ತೇಲಿತು.

ದೇಮಕ್ಕ ನೀರು ಸುರಿಸುತ್ತ ಎದ್ದಳು. "ಕೈ ಮೇಲೆ ಯಾಕೋ ಕೂತಿದೀಯ?" ಅಂದಳು. ಆಲ್ಬಂ ತಿರುವಿದಳು. "ಟುರಿನ್ನಿನ ಕಾರ್ಡೆಲ್ಲೋ?"

ಕೆಂಚ ಎಲ್ಲ ಹೇಳಿದ. ಅಕ್ಕ ಕಿವಿ ಹಿಂಡಿದಳು, ಆಮೇಲೆ ಆ ಕೈಯಲ್ಲೇ ತಲೆ ಸವರಿದಳು. ಮಾಂತ್ರಿಕ ಗಡುವು ಹಾಕದೆ ಕಾರ್ಡುಗಳಲ್ಲಿ ಕಟ್ಟಿಹಾಕಿದ್ದ ಅಷ್ಟೂ ಜನರನ್ನು ಇಬ್ಬರೂ ಸೇರಿ ನೆನೆಹಾಕಿ ಬಿಡಿಸಿದರು. ಮುದ್ರಾವತಿಯಲ್ಲಿ ಆ ವಾರವೆಲ್ಲ ಒದ್ದೆ ನೆಂಟರಿಗೆ ಹೋಳಿಗೆ ಊಟ.

ನಾಲ್ಕು ತಿಂಗಳಿಗೆ ಗಂಡಭೇರುಂಡ ಒಂದು ಕಾರ್ಡು ತಂದಿತು. ಟುರಿನ್ನಿನದು. ಹಿಂದೆ ಬರಹವಿಲ್ಲ, ಒಂದು ಗೊರಸಿನ ಗುರುತು ಅಷ್ಟೆ.

"ಸ್ಟಾಂಪು ನೀನೇ ಬಿಡಿಸು," ಅಂದಳು ದೇಮಕ್ಕ.

ಕೆಂಚ ಬೋಗುಣಿಗೆ ನೀರು ತುಂಬಿ, ಕೈ ಮೇಲೆ ಕೂತ. ಅಲ್ಲಿಂದಾಚೆ ಆ ಮನೆಯಲ್ಲಿ ಒಂದು ಸ್ಟಾಂಪೂ ಹರಿಯಲಿಲ್ಲ, ಅವರ ಸುಖವೂ ಹರಿಯಲಿಲ್ಲ.