ಸೊಸೆಗೆ ದನಿ ಕೊಟ್ಟವಳು

ಟೀವಿಯ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಡುವುದೇ ಒಂದು ಹುಚ್ಚು. ಆ ಹೆಂಗಸಿಗೆ ದನಿ ಕೊಡುವವಳೇ ಹೊಟ್ಟೆಕಿಚ್ಚು ಪಟ್ಟರೆ ತನ್ನ ಕೈಯನ್ನು ತಾನೇ ಕಚ್ಚಿಕೊಂಡ ಹಾಗೆ. ಗುಬ್ಬಿಗೆ ಅದು ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಉರಿ ಆರುತ್ತದೆಯೇ?

ಧಾರಾವಾಹಿಯ ಸೊಸೆ ಅಳುತ್ತಿದ್ದದ್ದು ಗುಬ್ಬಿಯ ಗಂಟಲಲ್ಲಿ. ಸೊಸೆಯ ಪಾತ್ರದ ನಟಿ ಬಲು ಚೆಲುವೆ, ಆದರೆ ದನಿ ಮಾತ್ರ ಒಡಕು. ಹಾಗಾಗಿ ಡಬ್ಬಿಂಗ್ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಅವಳ ತುಟಿ ಅಲ್ಲಾಡಿದಂತೆ ಗುಬ್ಬಿ ಮಾತಾಡಬೇಕು. ಆ ಮಾತುಗಳನ್ನು ಬರೆಯುವವನು ಗುಬ್ಬಿಯ ಪ್ರಿಯಕರ. ಎಲ್ಲರ ಬಾಯಲ್ಲೂ ಅವನು ರೈಟರ್. ಮದುವೆಯಾಗೋಣ ಎಂದು ಅವನು ಕೇಳಿಯಾಗಿತ್ತು. ಇವಳು ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ.

ಟೀ ಕುಡಿಯುವಾಗ ಇವಳು ಆಡಿದ ಚುರುಕು ಮಾತುಗಳೆಲ್ಲ ಸ್ವಲ್ಪ ದಿನದಲ್ಲೇ ಧಾರಾವಾಹಿಯ ಗಂಡನ ಬಾಯಿಂದ ಬರುತ್ತಿದ್ದವು. ಸೊಸೆಯ ಪಾಲಿಗೆ ಉಳಿಯುತ್ತಿದ್ದದ್ದು, "ತಪ್ಪು ನನ್ನದೇ ರೀ."

"ನನ್ನ ಮಾತೆಲ್ಲ ಅವನಿಗೆ, ಅವಳಿಗೆ ಬರೀ ಕಣ್ಣೀರು. ಯಾಕೆ, ಹೆಂಗಸರ ತಲೇಲಿ ಬುದ್ಧಿಗೆ ಜಾಗ ಇಲ್ವಾ?" ಎಂದು ರೈಟರ್‌ನನ್ನು ಕೇಳಿಯೂ ಇದ್ದಳು.

"ಜನ ಅದನ್ನೇ ನೋಡೋದು ಗುಬ್ಬಿ. ನಮ್ಮಮ್ಮ ಅಂತೂ ಟೀವಿ ಮುಂದೆ ಕೂತು, ಸೊಸೆ ಅಂದ್ರೆ ಹೀಗಿರ್ಬೇಕು ಕಣೋ ಅಂತಾರೆ."

ಅವನು ನಕ್ಕು ಮರೆತ. ಇವಳಿಗೆ ಅದು ಗಂಟಲಲ್ಲಿ ಸಿಕ್ಕಿದ ಮುಳ್ಳಾಯಿತು.

ಅದರ ಮೇಲೆ ಒಂದು ಮಧ್ಯಾಹ್ನ ಅವನನ್ನು ಊಟಕ್ಕೆ ಕರೆಯೋಣವೆಂದು ಶೂಟಿಂಗ್ ನಡೆಯುತ್ತಿದ್ದ ಮನೆಗೆ ಹೋದಳು. ಕಿಟಕಿಯಾಚೆ ರೈಟರ್ ಆ ನಟಿಯ ಎರಡೂ ಭುಜ ಹಿಡಿದು, ಮೆಲ್ಲಗೆ ತಿರುಗಿಸಿ, ಕಿವಿಯ ಹತ್ತಿರ ಬಗ್ಗಿ ಏನೋ ಹೇಳುತ್ತಿದ್ದ. ಅವಳು ಕಿಲಕಿಲ ನಕ್ಕಳು. ಗುಬ್ಬಿಗೆ ಹಸಿವು ಸತ್ತೇಹೋಯಿತು.

ಮನೆಯಲ್ಲಿ ಅಕ್ಕ ಬಟ್ಟೆ ಮಡಚುತ್ತಿದ್ದಳು. "ಯಾಕೇ, ಮುಖ ಊದಿಸ್ಕೊಂಡಿದೀಯ?"

ಗುಬ್ಬಿ ಕಂಡದ್ದನ್ನೆಲ್ಲ ಹೇಳಿದಳು.

"ಅವನನ್ನ ಕೇಳಿದ್ಯಾ?"

"ಕೇಳೋದೇನಿದೆ, ಕಣ್ಣಾರೆ ಕಂಡೆ."

"ಚೆನ್ನಾಗಿದೆ! ಬಾಯಿ ಇದ್ದೂ ಮೂಲೇಲಿ ಮುಸುಮುಸು ಅಂತ ಕೂತ್ರೆ, ಆ ಸೀರಿಯಲ್ ಸೊಸೆಗೂ ನಿನಗೂ ಏನೇ ವ್ಯತ್ಯಾಸ?"

ಅಕ್ಕಂದಿರು ಹೀಗೇ. ಮುಲಾಮು ಕೇಳಿದರೆ ಮೆಣಸಿನಪುಡಿ ಹಚ್ಚುತ್ತಾರೆ. ಆದರೆ ಈ ಸಲ ಮದ್ದು ನಾಟಿತು.

ಮರುದಿನ ಡಬ್ಬಿಂಗ್. ಗಾಜಿನಾಚೆ ಮೆಷಿನ್ ಮುಂದೆ ಸೌಂಡಣ್ಣ, ಅವನ ಪಕ್ಕ ರೈಟರ್. ಪರದೆಯ ಮೇಲೆ ಗಂಡ ಸೊಸೆಯ ಕೆನ್ನೆಗೆ ಬಾರಿಸಿದ. ಸೊಸೆ ಬೆನ್ನು ತಿರುಗಿಸಿ ನಿಂತಳು. ಗುಬ್ಬಿಯ ಕೈಲಿದ್ದ ಹಾಳೆಯಲ್ಲಿ ಅಲ್ಲಿಗೆ ಮಾತೇ ಇರಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಬೇರೆ ಮಾತು. "ನಿನ್ನೆ ಊಟದ ಹೊತ್ತಲ್ಲಿ ಅವಳ ಭುಜ ಹಿಡ್ಕೊಂಡು ಏನ್ ನಡೀತಿತ್ತು, ರೈಟರ್ ಸಾಹೇಬ್ರೇ?"

"ಅಮ್ಮಾ, ಮೈಕ್ ಆನ್ ಇದೆ," ಅಂದ ಸೌಂಡಣ್ಣ.

"ಇರಲಿ ಅಣ್ಣ, ರೆಕಾರ್ಡ್ ಆಗ್ಲಿ!"

ರೈಟರ್‌ನ ಕಿವಿ ಕೆಂಪಾಯಿತು. ಪರದೆಯತ್ತ ಕೈ ತೋರಿಸಿದ. "ಇದೇ ನಡೀತಿತ್ತು. ಕಣ್ಣೀರು ಕಾಣ್ಬೇಕು ಅಂತ ಅವರು ಕ್ಯಾಮೆರಾಗೇ ಮುಖ ಕೊಡ್ತಿದ್ರು. ನಾನು ತಿರುಗಿಸಿ ನಿಲ್ಲಿಸ್ದೆ. ತುಟಿ ಕಾಣದೇ ಇದ್ರೆ ನಿನಗೆ ಬೇಕಾದ್ದು ಹೇಳ್ಬಹುದಲ್ಲ?"

"ಡೈರೆಕ್ಟರ್ ಒಪ್ಪಿದ್ರಾ?"

"ಬೆನ್ನು ತಿರುಗಿಸಿ ಅತ್ರೆ ಇನ್ನೂ ಕರುಳು ಹಿಂಡುತ್ತೆ ಅಂತ ಪುಸಲಾಯಿಸಿದೆ."

"ಅವಳು ನಕ್ಕಿದ್ಯಾಕೆ?"

"ನೀವು ಸುಮ್ನೆ ನಿಲ್ಲಿ, ನಿಮ್ಮ ಪರವಾಗಿ ನನ್ನ ಗುಬ್ಬಿ ಜಗಳ ಆಡ್ತಾಳೆ ಅಂದೆ. ಅದಕ್ಕೆ." ದನಿ ತಗ್ಗಿಸಿದ. "ಚಾನೆಲ್‌ನವರಿಗೆ ಗೊತ್ತಾದ್ರೆ ನನ್ನ ಕೆಲಸ ಹೋಗ್ಬಹುದು. ಸೌಂಡಣ್ಣ, ನೀನು ಮಾತ್ರ ಏನೂ ಕೇಳಿಸ್ಕೊಂಡಿಲ್ಲ."

"ನನಗೆ ಸಂಬಳ ಕೊಡೋದೇ ಕೇಳಿಸ್ಕೊಳ್ಳೋದಕ್ಕಲ್ವೇನಪ್ಪ!" ಎನ್ನುತ್ತಲೇ ಸೌಂಡಣ್ಣ ಬಟನ್ ಒತ್ತಿದ.

ಮತ್ತೆ ಏಟು ಬಿತ್ತು. ಸೊಸೆ ಬೆನ್ನು ತಿರುಗಿಸಿದಳು. ಗುಬ್ಬಿ ದನಿ ಏರಿಸಲಿಲ್ಲ.

"ಇನ್ನೊಂದ್ಸಲ ಕೈ ಎತ್ತಿದ್ರೆ ಈ ಮನೆ ಬಾಗಿಲು ಎಳ್ಕೊಂಡು ಹೋಗ್ತೀನಿ. ಅಳ್ತಾ ಹೋಗಲ್ಲ."

"ಒಂದೇ ಟೇಕಿಗೆ ಓಕೆ," ಎಂದು ಸೌಂಡಣ್ಣ ಟೀಗೆ ಎದ್ದುಹೋದ. ತಿಳಿದವರು ಇಂಥ ಹೊತ್ತಲ್ಲಿ ಕೋಣೆಯಲ್ಲಿ ಉಳಿಯುವುದಿಲ್ಲ.

ಹೆಡ್‌ಫೋನಿನಿಂದ ಕೆದರಿದ ಕೂದಲಲ್ಲೇ ಗುಬ್ಬಿ ಹೊರಗೆ ಬಂದಳು. ಅವನು ಆ ಕೂದಲನ್ನೇ ನೋಡುತ್ತ ಕೇಳಿದ, "ಕೋಪ ಹೋಯ್ತಾ?"

"ಅರ್ಧ ಹೋಯ್ತು. ನಾಳೆಯಿಂದ ಯಾರನ್ನಾದ್ರೂ ತಿರುಗಿಸೋದಿದ್ರೆ ಬಾಯಲ್ಲಿ ಹೇಳು, ಕೈಯಲ್ಲಲ್ಲ."

"ಆಗ್ಲಿ. ಇನ್ನರ್ಧ?"

"ನನ್ನ ಮಾತು ಹೇಳೋಕೆ ಅವಳು ಬೆನ್ನು ತೋರಿಸಿ ನಿಲ್ಲಬೇಕಾ? ಎದುರಿಗೆ ನಿಂತು ಹೇಳೋ ಥರ ಬರಿ."

"ಚಾನೆಲ್‌ನವರು ಆ ಮಾತನ್ನೇ ಹೊಡೆದು ಹಾಕ್ತಾರೆ ಕಣೇ."

"ಹಾಕ್ಲಿ. ಮತ್ತೆ ಬರಿ. ಬರೀತೀಯಾ?"

ಅವನು ಒಮ್ಮೆ ಬಾಗಿಲ ಕಡೆ ನೋಡಿದ. ಕೆಲಸದ ಆಸೆ ಯಾರಿಗಿಲ್ಲ? ಕೊನೆಗೆ ಜೇಬಿನಿಂದ ಪೆನ್ನು ತೆಗೆದು, ಅವಳ ಕೈಲಿದ್ದ ಹಾಳೆ ತೆಗೆದುಕೊಂಡು ಮಗುಚಿ, ಮೇಲೆ ಬರೆದ: ಸೊಸೆ, ಗಂಡನ ಮುಖ ನೋಡುತ್ತಾ. ಮುಂದೆ ತೋಚದೆ ತಲೆ ಎತ್ತಿದ.

ಗುಬ್ಬಿ ಅವನ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು.

"ನಿನ್ನ ಮದುವೆ ಆಗ್ತೀನಿ. ನಾನೇ ಹೇಳ್ತಿರೋದು. ತುಟಿ ನೋಡ್ಕೊಂಡೇ ಕೇಳಿಸ್ಕೋ."

ಅವನು ನೋಡಿದ. ಕೇಳಿಸಿಕೊಂಡ ಮೇಲೂ ನೋಡುತ್ತಲೇ ಇದ್ದ.