ಎದುರು ಫುಟ್‌ಪಾತು

ನಾದಿನಿ ಜಯಂತಿ ಊರಿಗೆ ವಿಮಾನ ಹತ್ತಿದ ಮರುದಿನ ಬೆಳಿಗ್ಗೆ ಸೌದಾಮಿನಿ ಮತ್ತೆ ಓಟದ ಶೂಸ್ ಹಾಕಿಕೊಂಡು ಹೊರಗೆ ಬಂದಳು.

ಗಂಡ ರಘುರಾಮನ ಉತ್ತರಕ್ರಿಯೆಗಳೆಲ್ಲ ಮುಗಿದಿದ್ದವು. ಆಫೀಸಿನ ಮೀಟಿಂಗಿನಲ್ಲಿ ತಲೆ ನೋಯುತ್ತದೆ ಎಂದು ಕೂತವನು ಮತ್ತೆ ಎದ್ದಿರಲಿಲ್ಲ. ಅಮೆರಿಕದ ಯೂನಿಯನ್ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ಈಗ ಅವಳೊಬ್ಬಳೇ. ಅಳು ಬರುತ್ತಿರಲಿಲ್ಲ. ಓಡಿದರೆ ಎದೆಯಾದರೂ ಹೊಡೆದುಕೊಂಡೀತು ಎಂದು ಹೊರಟಿದ್ದಳು.

ಮೂಲೆ ತಿರುಗುತ್ತಲೇ ಎದುರಿನಿಂದ ಒಬ್ಬ ಓಡಿ ಬರುತ್ತಿದ್ದ. ಉದ್ದ ಕಾಲು, ಸ್ವಲ್ಪ ಬಾಗಿದ ಬೆನ್ನು... ಗುರುದತ್. ಮಂಗಳೂರಿನವನು, ರಘುರಾಮನ ಆಫೀಸಿನ ಗೆಳೆಯ.

ಅವಳು ಕೈ ಎತ್ತುವಷ್ಟರಲ್ಲಿ ಅವನೂ ನೋಡಿದ. ನೋಡಿದವನೇ ತಲೆ ತಗ್ಗಿಸಿ ರಸ್ತೆ ದಾಟಿ, ಎದುರು ಫುಟ್‌ಪಾತು ಹಿಡಿದು ಹೊರಟುಹೋದ.

ಎತ್ತಿದ ಕೈಯನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಬೆಳಿಗ್ಗೆ ಬೆಳಿಗ್ಗೆ ವಿಧವೆ ಎದುರಾದರೆ ಅಪಶಕುನ. ಉಡುಪಿಯ ರಥಬೀದಿಯಲ್ಲಿ ಅಜ್ಜಿಯನ್ನು ಕಂಡು ಜನ ಹೀಗೇ ಸರಿಯುತ್ತಿದ್ದರು. ಸಮುದ್ರ ದಾಟಿ ಬಂದು, ಕಂಪ್ಯೂಟರಿನ ಮುಂದೆ ಕೂತು ಕೆಲಸ ಮಾಡುವವನೂ...

ಮಾರನೆಯ ದಿನವೂ ದಾಟಿದ. ಅದರ ಮಾರನೆಯ ದಿನವೂ.

ಅವಳಿಗೆ ಓಡಲು ಬೇರೆ ದಾರಿ ಇರಲಿಲ್ಲವೇ? ಇತ್ತು, ಕಾಲುವೆಯ ದಂಡೆ. ಸಿಗ್ನಲ್ ಇಲ್ಲ, ಕಾರಿಲ್ಲ, ನೇರ ಕೊಲ್ಲಿಯವರೆಗೆ ಓಡಬಹುದು. ಗಂಡಸರೆಲ್ಲ ಅಲ್ಲೇ ಓಡುತ್ತಿದ್ದರು. ಹೆಂಗಸರು ಮಾತ್ರ ಮನೆಗಳ ಮುಂದೆ, ದೀಪ ಹತ್ತಿದ ಕಿಟಕಿಗಳ ಮುಂದೆ, ಸಿಗ್ನಲ್ಲಿಗೊಮ್ಮೆ ನಿಂತು. ನಗರ ಯೋಜನೆ ಓದುವಾಗ ಅವಳು ಇದನ್ನೇ ಬೀದಿ ಬೀದಿಯಲ್ಲಿ ನಿಂತು ನೋಡಿ ಪ್ರಬಂಧ ಬರೆದಿದ್ದಳು. ರಘುರಾಮ ನಕ್ಕಿದ್ದ.

"ಓಡುವುದು ಕಾಲಲ್ಲಿ ಅಲ್ವಾ ಮಾರಾಯ್ತಿ? ಯಾರದೋ ಅಡುಗೆಮನೆ ಕಿಟಕಿ ಎಂತಕ್ಕೆ?"

"ಹಿಂದೆ ಹೆಜ್ಜೆ ಸದ್ದು ಕೇಳಿದ್ರೆ ನಿಮಗೆ ಎಂತ ಅನಿಸ್ತದೆ?"

"ಯಾರೋ ಓಡ್ತಿದ್ದಾರೆ ಅಂತ."

"ನನಗೆ ಹಾಗೆ ಅನಿಸುದಿಲ್ಲ."

ಅವನು ಪೇಪರು ಬಿಡಿಸಿಕೊಂಡಿದ್ದ. ಅವನಿಗೆ ಅರ್ಥವಾಗಲಿಲ್ಲ ಎಂದೇ ಅವಳು ಆ ಮಾತು ಬಿಟ್ಟುಬಿಟ್ಟಿದ್ದಳು.

ಈಗ ಓಟವನ್ನೂ ಬಿಟ್ಟಳು. ಬೆಳಗಾಗುವುದು, ಕತ್ತಲಾಗುವುದು ಎರಡೂ ಒಂದೇ ಆಯಿತು.

ಕೆಳಗಿನ ಮನೆಯ ಕಾಶವ್ವ ಒಂದು ದಿನ ಬಾಗಿಲು ಬಡಿದಳು. ಮಗನ ಮನೆಗೆ ಬಂದಿದ್ದ ಧಾರವಾಡದ ಮುದುಕಿ.

"ಯಾಕವಾ, ಓಡೂದು ಬಿಟ್ಟಿ? ಕಿಡಕ್ಯಾಗ ನಿನ್ನ ನೋಡೇ ನಾ ಚಾ ಇಡತಿದ್ದೆ. ಈಗ ಚಾ ತಡಾ ಆಗಾಕತ್ತೈತಿ."

ಸೌದಾಮಿನಿ ಹೇಳಿದಳು. ಸುದ್ದಿ ಓದಿದ ಹಾಗೆ, ದನಿ ಏರಿಸದೆ.

"ದಾಟಿದರ ದಾಟಲಿ. ನನ್ನ ಗಂಡ ಹೋದ ಮ್ಯಾಲೆ ನನ್ನ ಕಂಡೂ ಮಂದಿ ದಾಟ್ಯಾರ. ಒಬ್ಬಾಂವ ದಾಟಾಕ ಹೋಗಿ ಗಟಾರದಾಗ ಬಿದ್ದ. ಅಪಶಕುನ ಯಾರಿಗಾತು, ನೀನ ಹೇಳು."

ಸೌದಾಮಿನಿಯ ತುಟಿ ಸ್ವಲ್ಪ ಅಲುಗಿತು.

"ಹೋಗಿ ಮಾರಿಗೆ ಮಾರಿ ಕೊಟ್ಟು ಕೇಳು ಅವನ್ನ."

"ಎಂತ ಹೇಳಿಕೊಂಡು ಹೋಗ್ಲಿ ಅಮ್ಮ? ...ಅವರ ತುರಿಮಣೆ ಒಂದು ಇಲ್ಲಿದೆ. ನಮ್ಮದರ ಹಲ್ಲು ಮುರಿದಿತ್ತು, ದೀಪಾವಳಿಗೆ ಅಂತ ರಘು ಕೇಳಿ ತಂದಿದ್ರು."

"ಮತ್ತ ಕುಂತೀಯಲ್ಲ! ಸತ್ತವರ ಮ್ಯಾಲೆ ಮಂದಿ ಸಾಮಾನಿನ ಋಣ ಇರಬಾರದು. ಬರೇ ತುರಿಮಣಿ ಕೊಡಬ್ಯಾಡ, ಒಂದು ಕಾಯಿ ಇಡು."

ಭಾನುವಾರ ಗ್ರೋಸರಿ ಚೀಲದಲ್ಲಿ ತುರಿಮಣೆ ಹಿಡಿದು ಹೋದಳು. ಗುರುದತ್ ಬಾಗಿಲು ತೆಗೆದು, ಗಾಬರಿಯಿಂದ ಹಿಂದೆ ಸರಿದು ದಾರಿ ಬಿಟ್ಟ.

"ಬನ್ನಿ, ಒಳಗೆ ಬನ್ನಿ."

"ನಾನು ಒಳಗೆ ಬಂದ್ರೆ ಪರವಾಗಿಲ್ವಾ? ರಸ್ತೆಯಲ್ಲಿ ಕಂಡ್ರೆ ದಾಟಿ ಹೋಗ್ತೀರಿ. ನನ್ನ ಮುಖ ನೋಡಿದ್ರೆ ದಿನ ಕೆಡ್ತದೆ ಅಂತ ನೇರ ಹೇಳಿದ್ರೆ, ನಾನೇ ಬೇರೆ ಹೊತ್ತಿಗೆ ಓಡ್ತಿದ್ದೆ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಶಕುನವಾ? ಅದು ನನ್ನ ತಲೆಯಲ್ಲೇ ಇರ್ಲಿಲ್ಲ. ಅದು... ರಘು ಕಲಿಸಿದ್ದು."

"ರಘುವಾ?"

"ನಾವಿಬ್ಬರೂ ಕಾಲುವೆ ದಂಡೆಯಲ್ಲಿ ಓಡ್ತಿದ್ದೆವಲ್ಲ. ಅಪರೂಪಕ್ಕೆ ಯಾರಾದ್ರೂ ಹೆಂಗಸು ಒಬ್ಬಳೇ ಕಂಡ್ರೆ ಅವನು ದಾರಿ ಬಿಟ್ಟು ಕೆಳಗೆ ಇಳೀತಿದ್ದ, ನನ್ನನ್ನೂ ಎಳೀತಿದ್ದ. ನಮ್ಮ ಹೆಜ್ಜೆ ಸದ್ದು ನಮಗೆ ಕೇಳಿದ ಹಾಗೆ ಅವರಿಗೆ ಕೇಳುದಿಲ್ಲ, ನನ್ನ ಹೆಂಡತಿ ಹೇಳಿದ್ದು ಅಂತಿದ್ದ. ನಾನು ತಮಾಷೆ ಮಾಡಿದ್ದಕ್ಕೆ ಒಂದು ವಾರ ಮಾತು ಬಿಟ್ಟಿದ್ದ."

ಸೌದಾಮಿನಿ ಮೆಟ್ಟಿಲ ಮೇಲೆ ಕೂತಳು.

ಕೇಳಿಸಿತ್ತು. ಪೇಪರಿನ ಹಿಂದೆ ಮುಖ ಇಟ್ಟುಕೊಂಡವನಿಗೆ ಪ್ರತಿ ಮಾತೂ ಕೇಳಿಸಿತ್ತು... ಮನೆಯಲ್ಲಿ ಸೋತದ್ದನ್ನು ಒಪ್ಪಿಕೊಳ್ಳದೆ, ಹೊರಗೆ ಹೋಗಿ ಊರಿಗೆಲ್ಲ ಹೇಳಿದ್ದಾನೆ.

ಅಷ್ಟು ದಿನ ಬಾರದ ಅಳು ಆಗ ಬಂತು. ಸದ್ದಿಲ್ಲದೆ, ಬಹಳ ಹೊತ್ತು. ಗುರುದತ್ ಬಾಗಿಲಲ್ಲೇ ನಿಂತಿದ್ದ. ಹತ್ತಿರ ಬರಲಿಲ್ಲ, ಒಳಗೂ ಹೋಗಲಿಲ್ಲ.

"ಗುರುತಿನವರಿಗೂ ದಾಟಬೇಕಾ?" ಅವಳು ಕೊನೆಗೆ ಕೇಳಿದಳು.

"ಬೆಳಕು ಸರಿ ಹರಿದಿರ್ಲಿಲ್ಲ. ನೀವು ಹೆದರಿದ್ರೆ ಅಂತ... ಮತ್ತೆ ನಿಮ್ಮ ಹತ್ರ ಎಂತ ಮಾತಾಡುದು ಅಂತ ಗೊತ್ತಾಗ್ಲಿಲ್ಲ. ಅದೂ ಉಂಟು." ಅವನು ನಿಲ್ಲಿಸಿದ. "ಇನ್ನೊಂದು ಹೇಳ್ತೇನೆ, ಬೈಯಬೇಡಿ. ನಾನು ಮೊದಲು ಆ ರಸ್ತೆಯಲ್ಲಿ ಓಡಿದವನೇ ಅಲ್ಲ. ರಘು ಹೋದ ಮೇಲೆ ದಂಡೆ ಬಿಟ್ಟೆ. ನೀವು ಹೊರಗೆ ಬರ್ತೀರಾ ಅಂತ ನೋಡ್ಲಿಕ್ಕೆ. ಬಂದಿರಿ. ಆಮೇಲೆ ಬರುದು ನಿಲ್ಲಿಸಿದಿರಿ. ನಾನು ದಿನಾ ಹೋಗ್ತಿದ್ದೆ."

"ನನಗೆ ಈಗ ಎಂತದೂ ಹೇಳ್ಲಿಕ್ಕಾಗುದಿಲ್ಲ ಗುರುದತ್."

"ಹೇಳುದು ಬೇಡ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ನಾಳೆ ದಾಟಬೇಡಿ."

"ಮತ್ತೆ? ಹಿಂದೆಯಂತೂ ಬರ್ಲಿಕ್ಕಿಲ್ಲ."

"ಪಕ್ಕದಲ್ಲಿ ಬನ್ನಿ. ನಾನು ನಿಧಾನ. ಸಿಗ್ನಲ್ಲಿಗೆಲ್ಲ ನಿಲ್ತೇನೆ."

"ನಿಲ್ಲುವಾ."

ಅವಳು ಎದ್ದು ಚೀಲ ಮುಂದೆ ಹಿಡಿದಳು. "ನಿಮ್ಮ ತುರಿಮಣೆ. ರಘು ತಂದದ್ದು. ತಡವಾಯ್ತು."

ಅವನು ಎರಡೂ ಕೈಯಲ್ಲಿ ತೆಗೆದುಕೊಂಡು ಒಳಗೆ ಇಣುಕಿದ. "ಕಾಯಿ ಎಂತಕ್ಕೆ?"

"ಬರಿದೆ ಕೊಡಬಾರದಂತೆ," ಎಂದಳು ಸೌದಾಮಿನಿ.