ಎರಡನೇ ತೀರ್ಮಾನ

ಫೈಲು ಮೂರನೇ ಸಲ ವಾಪಸ್ ಬಂದಾಗ ಸರಳಾಗೆ ಅಳು ಬರಲಿಲ್ಲ, ಮೈಯೆಲ್ಲ ಉರಿದುಹೋಯಿತು.

ಹೊಸೂರಿನ ಲೇಬರ್ ಆಫೀಸಿನಲ್ಲಿ ಅಧಿಕಾರಿ ರಮಾದೇವಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕಾರ್ಖಾನೆಗೂ ಯೂನಿಯನ್ನಿಗೂ ಆದ ಹದಿನೆಂಟು ಪುಟದ ಒಪ್ಪಂದವನ್ನು ಅವಳ ಕಡೆಗೆ ತಳ್ಳಿದರು. "ಈ ಬಚ್ಚಪ್ಪ ಯಾರಮ್ಮ?"

"ಯೂನಿಯನ್ ಕಡೆಯವ್ರು ಮೇಡಂ. ಮೊದಲನೇ ಸಹಿ ಅವ್ರದೇ."

"ಹೋದ ತಿಂಗಳೇ ರಿಟೈರ್ ಆಗವ್ರಲ್ಲ! ಕೆಲಸದಲ್ಲಿರೋ ಐದು ಜನ ಸಹಿ ಹಾಕ್ಬೇಕು ಅಂತ ಯೂನಿಯನ್‌ನೋರೇ ತೀರ್ಮಾನ ಮಾಡವ್ರೆ. ಅವ್ರ ಜಾಗಕ್ಕೆ ಬೇರೆಯೋರನ್ನ ಆರಿಸಿ, ಜನರಲ್ ಬಾಡಿ ತೀರ್ಮಾನ ಬರೆಸಿಕೊಂಡು ಬನ್ನಿ. ಆಮೇಲೆ ಸೀಲು."

ತಪ್ಪು ಯಾರದೆಂದು ಸರಳಾಗೆ ಚೆನ್ನಾಗಿ ಗೊತ್ತಿತ್ತು. ಆಗಲೇ ರಿಟೈರ್ ಆಗಿದ್ದ ಬಚ್ಚಪ್ಪ ಸಹಿಯ ದಿನ ಸುಮ್ಮನೆ ನೋಡಿಕೊಂಡು ಹೋಗಲು ಬಂದಿದ್ದರು. ಮೂವತ್ತೆರಡು ವರ್ಷ ಪ್ರೆಸ್ ಶಾಪಿನಲ್ಲಿ ತಗಡು ಒತ್ತುತ್ತ ನಿಂತ ಮನುಷ್ಯ. "ಮೊದ್ಲು ದೊಡ್ಡೋರು ಹಾಕ್ಲಿ" ಎಂದು ಎದ್ದು ತನ್ನ ಕುರ್ಚಿ ಕೊಟ್ಟವನು ಯೂನಿಯನ್ ಸೆಕ್ರೆಟರಿ ಕುಮಾರೇಶ್. ಪುಟ ತಿರುವಿ ಕೊಟ್ಟವಳು ಎಚ್.ಆರ್. ಅಸಿಸ್ಟೆಂಟ್ ಸರಳಾ, ಅಂದರೆ ಇವಳೇ. ಅಷ್ಟು ಜನರಲ್ಲಿ ಒಬ್ಬರಿಗಾದರೂ ತಲೆ ಓಡಬಾರದೇ?

ಆಫೀಸಿನ ಎದುರಿನ ಟೀ ಅಂಗಡಿಯಲ್ಲಿ ಕುಮಾರೇಶ್ ಕಾಯುತ್ತಿದ್ದ. ಅವಳ ಮುಖ ನೋಡಿದ್ದೇ ಅವನ ಮುಖ ಸಪ್ಪಗಾಯಿತು.

"ಮತ್ತೇನಂತೆ ಮೇಡಂ?"

"ಮೇಡಂ ಅಂತೆ ಮೇಡಂ! ಸುತ್ತ ಯಾರೂ ಇಲ್ಲ, ನೆಟ್ಟಗೆ ಮಾತಾಡು."

ಹದಿನಾಲ್ಕು ತಿಂಗಳು ಇಬ್ಬರೂ ಒಂದೇ ಮೇಜಿನ ಆಚೆ ಈಚೆ ಕೂತವರು. ಟ್ರೈನಿಗಳು ಪರ್ಮನೆಂಟ್ ಆಗಬೇಕು, ಡೆಂಕಣಿಕೋಟೆಗೆ ಕಂಪನಿ ಬಸ್ಸು ಬೇಕು ಎಂದು ಅವನು ಗುಡುಗುವುದು, ಆಗುವುದಿಲ್ಲ ಎಂದು ಮ್ಯಾನೇಜರ್ ತಲೆಯಾಡಿಸುವುದು, ಅದನ್ನೆಲ್ಲ ಇವಳು ಬರೆದುಕೊಳ್ಳುವುದು. ಅವನ ಮಾತು ಬಿದ್ದುಹೋದ ದಿನ ಇವಳು ಕ್ರೀಮ್ ಬಿಸ್ಕತ್ತಿನ ತಟ್ಟೆಯನ್ನು ಮೆಲ್ಲಗೆ ಅವನ ಕಡೆ ಸರಿಸುತ್ತಿದ್ದಳು. ಅವನು ಒಂದು ಎತ್ತಿಕೊಂಡು, ತಿನ್ನದೆ, ಇವಳನ್ನೇ ನೋಡುತ್ತಿದ್ದ. ಆ ನೋಟಕ್ಕೆ ಇವಳ ಶಾರ್ಟ್‌ಹ್ಯಾಂಡ್ ಎರಡು ಸಾಲು ತಪ್ಪುತ್ತಿತ್ತು.

ಆದರೆ ಮಾತು ಹೊರಗೆ ಬರುವಂತಿರಲಿಲ್ಲ. ಎಚ್.ಆರ್. ಹುಡುಗಿಗೋಸ್ಕರ ಸೆಕ್ರೆಟರಿ ನಮ್ಮನ್ನು ಮಾರಿಬಿಟ್ಟ ಎಂದು ಒಬ್ಬ ಅಂದರೂ ಸಾಕು, ಒಪ್ಪಂದ ಮಣ್ಣುಪಾಲು. ಸರ್ಕಾರದ ಸೀಲು ಬೀಳಲಿ, ಆಮೇಲೆ ಮನೆಗೆ ಬಂದು ಕೇಳುತ್ತೇನೆ ಎಂದಿದ್ದ. ಇವಳೂ ಹೂಂ ಅಂದಿದ್ದಳು. ಆದರೆ ಫೈಲು ಮೊದಲ ಸಲ ಬಂದಾಗ ಒಂದು ಪುಟದಲ್ಲಿ ಕಂಪನಿ ಮುದ್ರೆಯೇ ಇಲ್ಲ. ಎರಡನೇ ಸಲ, ರಾಗಿ ಹೊಲಕ್ಕೆ ಆನೆ ಬಿದ್ದಿದೆ ಎಂದು ಸಹಿ ಹಾಕಬೇಕಾದ ಐವರಲ್ಲೊಬ್ಬನಾದ ತಿಮ್ಮರಾಜು ನಾಟ್ರಾಂಪಾಳ್ಯದಿಂದ ಸಹಿಗೆ ಇಳಿದು ಬರಲೇ ಇಲ್ಲ. ಈಗ ಇದು.

"ಗುರುವಾರ ಶಿಫ್ಟ್ ಬಿಟ್ಟ ಮೇಲೆ ಜನರಲ್ ಬಾಡಿ ಕರೀತೀನಿ. ಇನ್ನೊಂದು ನಾಲ್ಕು ದಿನ, ಸರಳಾ."

"ನಾಲ್ಕು ದಿನ, ನಾಲ್ಕು ದಿನ! ಭಾನುವಾರ ಬಾಗಲೂರಿಂದ ಗಂಡಿನ ಕಡೆಯೋರು ಬತ್ತಾವ್ರೆ. ಅಪ್ಪ ಹೂಂ ಅಂದ್ಬುಟ್ಟವ್ರೆ. ಟ್ರೈನಿಗಳಿಗೋಸ್ಕರ ಮೇಜು ಗುದ್ದಿ ಗುದ್ದಿ ಕೇಳ್ದೆ, ಬಸ್ಸಿಗೋಸ್ಕರ ಕೇಳ್ದೆ. ನನಗೋಸ್ಕರ ಒಂದ್ಸಲನಾದ್ರೂ ಬಾಯಿ ಬಿಟ್ಟಿದ್ದೀಯಾ?"

ಕುಮಾರೇಶ್ ಟೀ ಲೋಟವನ್ನು ಹಾಗೇ ಕೆಳಗಿಟ್ಟ. "ಕೆಲಸಗಾರ್ರು ನನ್ನ ನಂಬವ್ರೆ ಕಣೇ."

"ನಾನೂ ನಂಬಿದ್ದೆ" ಎಂದು ಸರಳಾ ಫೈಲು ಬಗಲಿಗಿಟ್ಟು ಬಸ್‌ಸ್ಟಾಂಡಿನ ಕಡೆ ನಡೆದಳು. ಹಿಂದೆಯೇ ಬರುತ್ತಾನೆ ಎಂದುಕೊಂಡಳು. ಬರಲಿಲ್ಲ.

ಗುರುವಾರ ಅವನ ಫೋನ್ ಇಲ್ಲ. ಮೂಕಂಡಪಲ್ಲಿಯ ಮನೆಯಲ್ಲಿ ಅಮ್ಮ ಪಾರ್ವತಮ್ಮ ಭಾನುವಾರಕ್ಕೆಂದು ಸೀರೆ ತೆಗೆದಿಟ್ಟಿದ್ದರು. ಹಾಳಾಗಿ ಹೋಗಲಿ, ಉಟ್ಟುಕೊಂಡು ಕೂತುಬಿಡುತ್ತೇನೆ ಎಂದುಕೊಂಡಳು.

ಶುಕ್ರವಾರ ಬೆಳಗ್ಗೆ ಲೇಬರ್ ಆಫೀಸಿಗೆ ಹೋದರೆ ಕುಮಾರೇಶ್ ಆಗಲೇ ಬಂದು ನಿಂತಿದ್ದ. ಕಣ್ಣು ಕೆಂಪಗಿತ್ತು. ಜೊತೆಗೆ ಬಚ್ಚಪ್ಪ, ಅವರ ಜಾಗಕ್ಕೆ ಆರಿಸಿ ಬಂದ ಪ್ಯಾಕಿಂಗ್ ವಿಭಾಗದ ಸುಗುಣಾ, ಉಳಿದ ಮೂವರು. ಬಚ್ಚಪ್ಪನವರನ್ನು ಬಿಟ್ಟು ಐವರೂ ಹದಿನೆಂಟೂ ಪುಟಕ್ಕೆ ಹೊಸದಾಗಿ ಸಹಿ ಹಾಕಿದರು. ರಮಾದೇವಿ ಯೂನಿಯನ್ನಿನ ಮಿನಿಟ್ಸ್ ಪುಸ್ತಕ ತೆಗೆದು ಜೋರಾಗಿ ಓದಿದರು.

"ಒಂದನೇ ತೀರ್ಮಾನ. ಬಚ್ಚಪ್ಪನವರ ಬದಲಿಗೆ ಸುಗುಣಾ ಸಹಿ ಹಾಕತಕ್ಕದ್ದು. ಸರಿ. ಎರಡನೇ ತೀರ್ಮಾನ..." ಅವರ ಹುಬ್ಬು ಮೇಲೇರಿತು, ಮಾತು ತಮಿಳಿಗೆ ಹೊರಳಿತು. "ಎನ್ನಮ್ಮಾ ಇದು? 'ಎಚ್.ಆರ್. ವಿಭಾಗದ ಸರಳಾ ಅವರನ್ನು ಮದುವೆಯಾಗುವ ಆಸೆ ತನಗಿದೆ, ಅನುಮಾನವಿದ್ದವರು ಒಪ್ಪಂದದ ಒಂದೊಂದು ಕಲಮನ್ನೂ ತನ್ನೆದುರೇ ಪ್ರಶ್ನಿಸಬಹುದು, ಬೇಕಾದರೆ ತನ್ನನ್ನು ತೆಗೆದುಹಾಕಬಹುದು ಎಂದು ಸೆಕ್ರೆಟರಿ ಹೇಳಿದರು. ಮೂರು ಗಂಟೆ ಚರ್ಚೆಯ ನಂತರ ಒಪ್ಪಂದವನ್ನೂ ಮದುವೆಯನ್ನೂ ಸಭೆ ಒಪ್ಪಿತು.'"

ಆಫೀಸಿನ ಟೈಪಿಸ್ಟ್ ಕೂಡ ಕೈ ನಿಲ್ಲಿಸಿದಳು. ಸರಳಾಗೆ ಕಿವಿಯವರೆಗೂ ಬಿಸಿಯೇರಿತು. ಮೂರು ಗಂಟೆ ಇವನು ಇನ್ನೂರು ಜನರ ಎದುರು ನಿಂತಿದ್ದನೇ?

"ಬೈದ್ರು ಕಣಮ್ಮ, ವಸಿ ಬೈದ್ರಾ!" ಬಚ್ಚಪ್ಪ ಹೇಳಿದರು. "ಒಂದೊಂದು ಕಲಮನ್ನೂ ಎಳ್ದು ಎಳ್ದು ನೋಡುದ್ರು. ಎಲ್ಲೂ ಸೋತಿರ್ಲಿಲ್ಲ ಇವ್ನು. ಕೊನೆಗೆ ಕೈ ಎತ್ಲೇಬೇಕಾಯ್ತು. ನನಗೆ ಓಟಿಲ್ಲ, ಆದ್ರೂ ಎತ್ತಿದೆ."

ರಮಾದೇವಿ ಒಪ್ಪಂದಕ್ಕೆ ಸಹಿ ಹಾಕಿ ದಪ್ಪಗೆ ಸೀಲು ಒತ್ತಿದರು. ಹದಿನಾಲ್ಕು ತಿಂಗಳ ಕೆಲಸ ಒಂದು ಕ್ಷಣದಲ್ಲಿ ಮುಗಿದಿತ್ತು. ಸರಳಾಳ ಸಿಟ್ಟು ಮಾತ್ರ ಇನ್ನೂ ಮುಗಿದಿರಲಿಲ್ಲ.

"ಅಲ್ಲ ಸೆಕ್ರೆಟ್ರಿ ಸಾರ್, ಊರೋರನ್ನೆಲ್ಲ ಕೇಳ್ದೆ. ನನ್ನ ಕೇಳ್ಬೇಕು ಅಂತ ಅನ್ನಿಸ್ಲಿಲ್ವಾ ನಿಂಗೆ?"

ಇನ್ನೂರು ಜನರಿಗೆ ಉತ್ತರ ಕೊಟ್ಟವನು ಈಗ ತಲೆ ಕೆರೆದುಕೊಂಡ. ಆ ಪೆಚ್ಚುಮುಖ ನೋಡಿ ಅವಳಿಗೆ ನಗು ಬಂತು, ನಗುವಿನ ಜೊತೆ ಕಣ್ಣೀರೂ ಬಂತು.

"ಕೇಳ್ತಾ ಇದೀನಿ, ಸರಳಾ" ಎಂದ, ಅಷ್ಟು ಜನರ ಎದುರಿಗೇ. "ನನ್ನ ಮದ್ವೆ ಆಗ್ತೀಯಾ?"

ಅವಳು ಮೊದಲು ಫೋನ್ ತೆಗೆದಳು. "ಅಪ್ಪಾ, ಬಾಗಲೂರಿನೋರಿಗೆ ಭಾನುವಾರ ಬರೋದು ಬ್ಯಾಡ ಅಂತ ಹೇಳ್ಬುಡು. ಬೇರೆಯೋರು ಬತ್ತಾವ್ರೆ."

ಆಮೇಲೆ ಕುಮಾರೇಶನ ಜೇಬಿನಿಂದ ಪೆನ್ನು ಕಿತ್ತುಕೊಂಡು, ಎರಡನೇ ತೀರ್ಮಾನದ ಕೆಳಗೆ ತನ್ನ ಹೆಸರು ಬರೆದಳು. "ಒಂದೇ ಕಡೆಯೋರು ಒಪ್ಪಿದ್ರೆ ಒಪ್ಪಂದ ಆಗಲ್ಲ" ಎಂದು ಹೇಳಿ ಪೆನ್ನನ್ನು ತನ್ನ ಬ್ಯಾಗಿಗೇ ಹಾಕಿಕೊಂಡಳು.